ಎರಡು ರೂಪಾಯಿ ಅಗ್ಗದ ಇನ್ಸುಲಿನ್

ನನಗೆ ಸಕ್ಕರೆ ಕಾಯಿಲೆ. ಬಂದು ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಎರಡು ಸಲ ನನ್ನ ತೊಡೆಗೆ ನಾನೇ ಸೂಜಿ ಚುಚ್ಚಿಕೊಳ್ಳುತ್ತೇನೆ. ಒಗ್ಗರಣೆಗೆ ಸಾಸಿವೆ ಹಾಕುವಷ್ಟೇ ಸಲೀಸಾಗಿ ಅದು ನಡೆದುಹೋಗುತ್ತದೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಈಗ ಉಳಿದಿಲ್ಲ. ನಾನು ಬರೆಯಲು ಕೂತಿರುವುದು ಔಷಧದ ಬೆಲೆಯ ವಿಚಾರ. ತಿಂಗಳ ಕೊನೆಯಲ್ಲಿ ಡಾಕ್ಟರ ಚೀಟಿ ಹಿಡಿದುಕೊಂಡು ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಅಲೆಯುವ ಗಂಡಂದಿರನ್ನು, ಅಮ್ಮಂದಿರನ್ನು ಈಗಲೂ ನೋಡುತ್ತೇನೆ. ಕೈ ಹಿಡಿದು ನಿಲ್ಲಿಸಿ ಒಂದು ಮಾತು ಹೇಳೋಣ ಅನ್ನಿಸುತ್ತದೆ. ಬೀದಿಯಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಬರೆದುಬಿಡುತ್ತೇನೆ.

ಮದುವೆಯಾಗಿ ನಂಜನಗೂಡಿನಿಂದ ಕೊಚ್ಚಿಗೆ ಬಂದಾಗ ನನಗೆ ಇಪ್ಪತ್ತೆರಡು. ಅಂಬಲಮುಗಳಿನಲ್ಲಿ ಆಗ ಎಣ್ಣೆ ಕಾರ್ಖಾನೆ ಏಳುತ್ತಿತ್ತು. ಅಲ್ಲಿನ ಕೆಲಸಕ್ಕೆ ಪೈಪು, ಸಿಮೆಂಟು ಒದಗಿಸುವ ಸಣ್ಣ ಗುತ್ತಿಗೆದಾರರೊಬ್ಬರ ಬಳಿ ನನ್ನ ಗಂಡ ಶ್ರೀಕಂಠಯ್ಯ ಖರೀದಿ ಗುಮಾಸ್ತರು. ಎರ್ನಾಕುಳಂನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ಅಮ್ಮಿಣಿ ಚೇಚ್ಚಿ, ಅಂದರೆ ಅಮ್ಮಿಣಿ ಅಕ್ಕ, ಮತ್ತು ಅವರ ಯಜಮಾನರು. ನನಗೆ ಮಲಯಾಳಂ ಬಾರದು, ಚೇಚ್ಚಿಗೆ ಕನ್ನಡ ಬಾರದು. ಆದರೂ ದಿನವಿಡೀ ಹರಟುತ್ತಿದ್ದೆವು.

ಮರುವರ್ಷ ನಾನು ಒಣಗತೊಡಗಿದೆ. ಎಷ್ಟು ನೀರು ಕುಡಿದರೂ ದಾಹ, ಎಷ್ಟು ಉಂಡರೂ ಹಸಿವು. ಬಚ್ಚಲಿನಲ್ಲಿ ಇರುವೆಗಳ ಸಾಲು ಕಂಡು ಚೇಚ್ಚಿಯೇ ಮೊದಲು ಅನುಮಾನಪಟ್ಟವರು. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಮೀನು ಮಾರುವ ಹೆಂಗಸು ನನ್ನ ಬಳೆಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸರಿಸಿ ನೋಡಿ, "ಅಯ್ಯೋ" ಎಂದು ಲೊಚಗುಟ್ಟಿದಳು. ಒಳಗೆ ಲೇಡಿ ಡಾಕ್ಟರು ಇನ್ನು ಮೇಲೆ ದಿನವೂ ಇಂಜೆಕ್ಷನ್ ಬೇಕು ಎಂದರು.

"ಎಷ್ಟು ದಿನ ಡಾಕ್ಟರ್?" ಇವರು ಕೇಳಿದರು.

"ಬದುಕಿರುವಷ್ಟು ದಿನ."

ಇವರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ಒಂದು ಬಾಟಲಿ ಎಷ್ಟು ದಿನ ಬರುತ್ತಂತೆ?" ಎಂದು ನನ್ನನ್ನು ಕೇಳಿದರು. ನನಗೆ ಮೈ ಉರಿದುಹೋಯಿತು. ನಾನು ಸಾಯುತ್ತೇನೋ ಬದುಕುತ್ತೇನೋ ಎಂದು ಒದ್ದಾಡುತ್ತಿದ್ದರೆ ಈ ಮನುಷ್ಯನಿಗೆ ಬಾಟಲಿಯ ಚಿಂತೆ! ಆದರೆ ಅವರ ಸಂಬಳ ಎಷ್ಟೆಂದು ನನಗೂ ಗೊತ್ತಿತ್ತು. ಬಾಟಲಿಯ ಚಿಂತೆಯೇ ನನ್ನ ಚಿಂತೆ ಎಂದು ತಿಳಿಯಲು ಎರಡು ದಿನ ಬೇಕಾಯಿತು.

ಅಪ್ಪನಿಗೆ ಕಾಗದ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ದೇವರ ಮೇಲೆ ಭಾರ ಹಾಕು, ಪಥ್ಯ ಮಾಡು ಎಂದೆಲ್ಲ ಬರೆದು ಕೊನೆಯಲ್ಲಿ, "ಈ ವಿಚಾರ ಊರಿನ ಯಾರಿಗೂ ಬರೆಯಬೇಡ. ಇಂದಿರೆಯ ಮದುವೆ ಆಗಬೇಕು" ಎಂದಿದ್ದರು. ಇಂದಿರೆ ನನ್ನ ತಂಗಿ. ಅಪ್ಪ ಕೆಟ್ಟವರಲ್ಲ. ಆದರೂ ಆ ಕಾಗದ ಓದಿ ನನಗೆ ತವರುಮನೆ ಮುಗಿಯಿತು ಅನ್ನಿಸಿತು.

ಖರೀದಿ ವಿಭಾಗದಲ್ಲಿ ಒಂದು ಕ್ರಮವಿದೆ. ಏನೇ ಕೊಳ್ಳಬೇಕಾದರೂ ಮೂರು ಅಂಗಡಿಗಳಿಂದ ಕೊಟೇಷನ್ ತರಿಸಬೇಕು. ಕಡಿಮೆ ಹೇಳಿದವರಿಗೆ ಆರ್ಡರು. ಇವರಿಗೆ ಅದು ರಕ್ತದಲ್ಲೇ ಇಳಿದಿತ್ತು. ತೆಂಗಿನಕಾಯಿಗೂ ಮೂರು ಕಡೆ ವಿಚಾರಿಸುವವರು. "ನನಗಿಂತ ಮುಂಚೆ ಇಬ್ಬರನ್ನು ನೋಡಿದ್ದಿರಂತೆ. ನಮ್ಮಪ್ಪನದೇ ಕಡಿಮೆ ಕೊಟೇಷನ್ನೋ?" ಎಂದು ನಾನು ಛೇಡಿಸುತ್ತಿದ್ದೆ. "ಇಲ್ಲಮ್ಮ, ಅಲ್ಲಿ ಮೋಸ ಹೋದೆ" ಎಂದು ನಗುತ್ತಿದ್ದರು.

ಇನ್ಸುಲಿನ್‌ಗೂ ಅದೇ ಕ್ರಮ. ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಡುತ್ತಿದ್ದೆವು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಒಂದು ಬೆಲೆ, ಬ್ರಾಡ್‌ವೇ ಪೇಟೆಯಲ್ಲಿ ಎಂಟಾಣೆ ಕಡಿಮೆ. ಚೀಟಿ ನೋಡಿದ ಕೂಡಲೇ ಕೆಲವರು ನನ್ನ ಮುಖ ನೋಡುತ್ತಿದ್ದರು. ಇಷ್ಟು ಚಿಕ್ಕವಳಿಗೇ ಎಂಬ ಆ ನೋಟ ನನಗೆ ಸೂಜಿಗಿಂತ ನೋಯುತ್ತಿತ್ತು. ಬೆಲೆ ಕೇಳಿ ಕೊಳ್ಳದೆ ಇಳಿದು ಬರುವಾಗ ನಾಚಿಕೆಯಿಂದ ಸೆರಗು ಎಳೆದುಕೊಳ್ಳುತ್ತಿದ್ದೆ. ಇವರಿಗೆ ನಾಚಿಕೆಯೇ ಇಲ್ಲ. "ಕೇಳೋದ್ರಲ್ಲಿ ಏನ್ ತಪ್ಪು? ಕದೀತಿದ್ದೀವಾ?" ಎನ್ನುತ್ತಿದ್ದರು. ಅದೂ ಸರಿಯೇ. ಹತ್ತಿ, ಸ್ಪಿರಿಟ್ಟು, ಸೂಜಿ ಎಲ್ಲವನ್ನೂ ಅರ್ಧಕ್ಕರ್ಧ ಬೆಲೆಗೆ ಹುಡುಕಿ ತಂದವರು ಅವರು. ಆ ಹುಡುಕಾಟ ಇಲ್ಲದಿದ್ದರೆ ಮೊದಲ ವರ್ಷವೇ ನಾವು ಸಾಲಕ್ಕೆ ಬೀಳುತ್ತಿದ್ದೆವು.

ಮೂರನೆಯ ಕೊಟೇಷನ್ ಸಿಕ್ಕಿದ್ದು ದೋಣಿಯಲ್ಲಿ ಹಿನ್ನೀರು ದಾಟಿದ ಮೇಲೆ, ಫೋರ್ಟ್ ಕೊಚ್ಚಿಯ ಒಂದು ಓಣಿಯಲ್ಲಿ. ಹಳೆಯ ಅಂಗಡಿ, ವಯಸ್ಸಾದ ಯಜಮಾನರು. ಅದೇ ಇನ್ಸುಲಿನ್, ಅದೇ ಲೇಬಲ್ಲು, ಬಾಟಲಿಗೆ ಎರಡು ರೂಪಾಯಿ ಕಡಿಮೆ. ಇವರು ತಾರೀಖು ನೋಡಿದರು, ಮುದ್ರೆ ನೋಡಿದರು, ಮೂರು ಸಲ ತಿರುಗಿಸಿ ನೋಡಿದರು. ಎಲ್ಲ ಸರಿಯಾಗಿತ್ತು. ಅಂದು ಸಂಜೆ ದೋಣಿಯಲ್ಲಿ ಬರುವಾಗ ಅವರ ಮುಖ ನೋಡಬೇಕಿತ್ತು. ನನಗೂ ಹೆಮ್ಮೆಯಾಯಿತು. ನಾನಾಗ ನಾಲ್ಕು ತಿಂಗಳ ಬಸುರಿ. ಬಾಟಲಿಗೆ ಹೀಗೆ ಉಳಿದ ಎರಡೆರಡು ರೂಪಾಯಿಯನ್ನೂ ಹೆರಿಗೆಯ ಖರ್ಚಿಗೆಂದು ಬೋರ್ನ್‌ವಿಟಾ ಡಬ್ಬಿಗೆ ಹಾಕುತ್ತಿದ್ದೆವು.

ಈ ಕಾಯಿಲೆಯವರು ಬಸುರಾಗುವುದೇ ಕಷ್ಟ, ಬಸುರಾದರೂ ಮಗು ಉಳಿಯುವುದು ಇನ್ನೂ ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಸಕ್ಕರೆ ಹಿಡಿತದಲ್ಲಿದ್ದರೆ ಆಸೆ ಇಟ್ಟುಕೊಳ್ಳಬಹುದು" ಎಂದಿದ್ದರು. ದಿನವೂ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ತೆಗೆದುಕೊಂಡು, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಬಣ್ಣ ಬಂದರೆ ಕೆಟ್ಟಿತು ಎಂದು ಅರ್ಥ. ಬಣ್ಣ ಬರೆಯಲು ಇವರು ಗೆರೆ ಎಳೆದು ಪುಸ್ತಕ ಮಾಡಿಕೊಟ್ಟಿದ್ದರು. ಅವರು ಏಳಕ್ಕೇ ಅಂಬಲಮುಗಳಿಗೆ ಹೊರಟುಬಿಡುತ್ತಿದ್ದರು. ಪರೀಕ್ಷೆ ಮಾಡುವವಳೂ ನಾನೇ, ಬರೆಯುವವಳೂ ನಾನೇ. ತಿಂಗಳುಗಟ್ಟಲೆ ನೀಲಿ, ಹಸಿರು, ನೀಲಿ ಎಂದು ಬರೆದೆ. ಡಾಕ್ಟರು ಆ ಪುಸ್ತಕವನ್ನು ಬೇರೆ ರೋಗಿಗಳಿಗೆ ತೋರಿಸಿ ಹೊಗಳಿದರು.

ಏಳನೆಯ ತಿಂಗಳಿನಲ್ಲಿ ವಿಷು ಬಂತು, ಅಲ್ಲಿಯವರ ಯುಗಾದಿ. ಸೆಖೆ ಹೇಳತೀರದು. ಅಮ್ಮಿಣಿ ಚೇಚ್ಚಿ ಚಕ್ಕ ವರಟ್ಟಿ ಮಾಡಿದ್ದರು. ಹಲಸಿನ ಹಣ್ಣನ್ನು ಬೆಲ್ಲ, ತುಪ್ಪ ಹಾಕಿ ಕಪ್ಪಾಗುವ ತನಕ ಕಾಯಿಸಿದ್ದು. ಬಸುರಿಗೆ ಕೊಡದೆ ತಿನ್ನಬಾರದೆಂದು ಒಂದು ಸಣ್ಣ ಬಾಟಲಿ ತಂದಿಟ್ಟರು. "ಇತ್ತಿರಿ ಮಾತ್ರಂ, ಮೋಳೇ" ಎಂದು, ಇಷ್ಟೇ ಇಷ್ಟು ಮಗಳೇ ಎನ್ನುವಂತೆ ಬೆರಳ ತುದಿ ತೋರಿಸಿದರು. ಎರಡು ವರ್ಷದಿಂದ ಸಿಹಿ ಮುಟ್ಟದ ನಾಲಿಗೆ ನನ್ನದು. ಬೆರಳ ತುದಿಗೆ ನಿಲ್ಲಲಿಲ್ಲ. ಇವರು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಚಮಚದಲ್ಲಿ ತಿಂದೆ. ಮರುದಿನ ನಳಿಕೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಪುಸ್ತಕ ತೆಗೆದೆ. ಹಸಿರು ಎಂದು ಬರೆದೆ.

ಇನ್ನು ತಿನ್ನುವುದಿಲ್ಲ, ನಾಳೆಗೆ ಸರಿಹೋಗುತ್ತದೆ ಎಂದುಕೊಂಡೆ. ನಿಜವಾಗಿಯೂ ಬಾಟಲಿಯನ್ನು ಚೇಚ್ಚಿಗೆ ಹಿಂದಿರುಗಿಸಿಬಿಟ್ಟೆ. ಆದರೆ ಮಾರನೆಯ ದಿನವೂ ಇಟ್ಟಿಗೆ. ಅದರ ಮಾರನೆಯ ದಿನವೂ. ಮೈಯಲ್ಲಿ ಸೇರಿದ ಬೆಲ್ಲ ಇನ್ನೂ ಇಳಿದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಸುಳ್ಳು ಬರೆದ ಮೇಲೆ ಎರಡನೆಯ ದಿನ ನಿಜ ಬರೆಯುವುದು ಹೇಗೆ? ನಿನ್ನೆ ಹಸಿರಿದ್ದದ್ದು ಇವತ್ತು ಏಕಾಏಕಿ ಇಟ್ಟಿಗೆ ಆದದ್ದು ಹೇಗೆ ಎಂದು ಇವರು ಕೇಳುತ್ತಾರೆ. ಕದ್ದು ತಿಂದೆ ಎನ್ನಬೇಕಾಗುತ್ತದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಬಾಯಿಚಪಲಕ್ಕೆ ಬಿದ್ದವಳು ಎನ್ನಿಸಿಕೊಳ್ಳಬೇಕಾಗುತ್ತದೆ. ಹದಿನೆಂಟು ದಿನ ಹಸಿರು ಎಂದು ಬರೆದೆ. ದಾಹ ತಡೆಯಲಾಗುತ್ತಿರಲಿಲ್ಲ. ಸೆಖೆ ಎಂದೆ. ಕಾಲು ಸೋಲುತ್ತಿತ್ತು. ದಿನ ತುಂಬುತ್ತಿದೆ ಎಂದೆ. ನಡುವೆ ಒಮ್ಮೆ ಡಾಕ್ಟರ ಬಳಿ ಹೋದಾಗ ಅವರು ಪುಸ್ತಕ ನೋಡಿ, "ಡೋಸು ಇಷ್ಟೇ ಇರಲಿ" ಎಂದರು.

ಹತ್ತೊಂಬತ್ತನೆಯ ದಿನ ಮಗು ಅಲುಗಲಿಲ್ಲ. ಮಧ್ಯಾಹ್ನದವರೆಗೆ ಕಾದೆ. ತಣ್ಣೀರು ಕುಡಿದೆ, ಮಗ್ಗುಲು ಬದಲಿಸಿದೆ, ಹೊಟ್ಟೆ ತಟ್ಟಿದೆ. ಆಮೇಲೆ ಗೋಡೆ ಬಡಿದು ಚೇಚ್ಚಿಯನ್ನು ಕೂಗಿದೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಡಾಕ್ಟರು ಬಂದು ನನ್ನ ಪುಸ್ತಕ ತೆರೆದರು. ಸಾಲಾಗಿ ಹದಿನೆಂಟು ಹಸಿರು. ಅವರು ಪುಸ್ತಕ ನೋಡಿದರು, ರಕ್ತದ ವರದಿ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ಇವರು ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ಪುಸ್ತಕ ಮುಚ್ಚಿ ನನ್ನ ದಿಂಬಿನ ಕೆಳಗೆ ಇಟ್ಟು, ಇವರ ಕಡೆ ತಿರುಗಿ, "ಇನ್ಸುಲಿನ್ ಎಲ್ಲಿ ಕೊಂಡಿರಿ? ಅವರು ಅದನ್ನು ಎಲ್ಲಿ ಇಟ್ಟಿರುತ್ತಾರೆ?" ಎಂದು ಕೇಳಿದರು.

ಇಡುವ ವಿಚಾರ ಇವರು ಯೋಚಿಸಿರಲೇ ಇಲ್ಲ. ನಮ್ಮ ಮನೆಯಲ್ಲಿ ಒದ್ದೆ ಮರಳಿನ ಮಡಕೆಯೊಳಗೆ ಹೂತು ಜೋಪಾನ ಮಾಡುತ್ತಿದ್ದೆವು. ಅಂಗಡಿಯವರು ಇನ್ನೂ ಜೋಪಾನ ಮಾಡುತ್ತಾರೆ ಎಂದೇ ನಂಬಿದ್ದೆವು. ಮರುದಿನ ಇವರು ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಹೋದರು. ಆ ಅಂಗಡಿಯಲ್ಲಿ ಫ್ರಿಜ್ ಇರಲಿಲ್ಲ. ಬಾಟಲಿಗಳು ಗಾಜಿನ ಬೀರುವಿನಲ್ಲಿದ್ದವು. ಮೂರು ಗಂಟೆಯಾದರೆ ಪಡುವಣ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಇವರು ಬೀರುವಿನ ಗಾಜು ಮುಟ್ಟಿ ನೋಡಿದರಂತೆ, ಕೈ ಸುಟ್ಟಿತಂತೆ. ಅಷ್ಟು ಕಾವಿನಲ್ಲಿ ಇನ್ಸುಲಿನ್ ಸತ್ವ ಕಳೆದುಕೊಂಡು ಬರೀ ನೀರಾಗುತ್ತದೆ. ವಿಷಯ ತಿಳಿದು ಯಜಮಾನರು ಸ್ಟೂಲಿನ ಮೇಲೆ ಕುಸಿದು ಕೂತರಂತೆ. "ಜಗಳ ಮಾಡಕ್ಕೆ ಹೋಗಿದ್ದೆ. ಆ ಮುದುಕರನ್ನ ನೋಡಿ ಬಾಯೇ ಬರಲಿಲ್ಲ" ಎಂದರು.

ಮಗು ಹುಟ್ಟಿದ್ದು ಅಂದೇ ಸಂಜೆ. ಅಳಲಿಲ್ಲ. ನನಗೆ ತೋರಿಸಲಿಲ್ಲ, ತೋರಿಸಬಾರದೆಂದು ಯಾರೋ ಹೇಳಿದರು. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಇವರೂ ಚೇಚ್ಚಿಯ ಯಜಮಾನರೂ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಚೇಚ್ಚಿ ನನ್ನ ತಲೆ ನೇವರಿಸುತ್ತ, "ಕರಯಲ್ಲೇ ಮೋಳೇ, ಕರಯಲ್ಲೇ" ಎಂದು ನನಗೆ ಅಳಬೇಡ ಎನ್ನುತ್ತ ತಾವೇ ಅಳುತ್ತಿದ್ದರು. ತಾವು ಕೊಟ್ಟ ಬಾಟಲಿಯನ್ನು ನೆನೆದು ಅಳುತ್ತಿದ್ದರೇನೋ, ನಾನು ಕೇಳಲಿಲ್ಲ.

ಡಾಕ್ಟರು ಇನ್ನೊಂದು ಬಸುರು ಬೇಡವೇ ಬೇಡ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಮುಂದೆ ಇವರಿಗೆ ತಿರುವನಂತಪುರದಲ್ಲಿ ಒಂದು ಕೇಂದ್ರ ಸಂಸ್ಥೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಆಫೀಸಿನಲ್ಲಿ ಇವರು ಇಂದಿಗೂ ಮೂರು ಕೊಟೇಷನ್ ತರಿಸುವವರೇ. ಆದರೆ ಔಷಧದ ಅಂಗಡಿಯಲ್ಲಿ ಬೆಲೆ ಕೇಳುವುದನ್ನು ಬಿಟ್ಟರು. ತಂಪಾನೂರಿನ ಬಳಿ ದೊಡ್ಡ ಫ್ರಿಜ್ ಇರುವ ಒಂದು ಅಂಗಡಿ. ಅಂಗಡಿಯವನು ಹೇಳಿದಷ್ಟು ಕೊಟ್ಟು, ಚಿಲ್ಲರೆಯನ್ನೂ ಎಣಿಸದೆ, ಐಸು ತುಂಬಿದ ಥರ್ಮಾಸಿನಲ್ಲಿ ಬಾಟಲಿ ತರುತ್ತಿದ್ದರು. ಅದೇ ಬೀದಿಯಲ್ಲಿ ನಾಲ್ಕು ಅಂಗಡಿಯಾಚೆ, ಅಷ್ಟೇ ಒಳ್ಳೆಯ ಫ್ರಿಜ್ ಇರುವ ಕಡೆ ಬೆಲೆ ಕಡಿಮೆಯಿತ್ತು. ಒಮ್ಮೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಬೆಲೆ ಮಾತು ಎತ್ಬೇಡ ವಿಮಲಾ" ಎಂದರು. ಕನ್ನಡಕದ ಕಿವಿಯ ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರು. ಹೊಸದು ಮಾಡಿಸಲು ದುಡ್ಡಿರಲಿಲ್ಲ. ಅವರು ಹಾಗೆ ದಂಡ ತೆರುತ್ತಿರುವುದನ್ನು ಹತ್ತು ವರ್ಷ ನೋಡಿಕೊಂಡು ಬಂದೆ. ಒಂದು ಮಾತಿನಲ್ಲಿ ಅದರ ಅರ್ಧವನ್ನು ನಾನು ಹೊತ್ತುಕೊಳ್ಳಬಹುದಿತ್ತು. ಹೇಳಲಿಲ್ಲ. ಹೇಡಿತನ, ಇನ್ನೇನೂ ಅಲ್ಲ.

ಎರಡು ವರ್ಷದ ಹಿಂದೆ ಇಲ್ಲಿನ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತ ಕೂತಿದ್ದೆವು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಎದುರು ಬೆಂಚಿನ ತರುಣನೊಬ್ಬ ಎದ್ದು ಬಂದ. ಧಾರವಾಡದ ಕಡೆಯವನು, ಬ್ಯಾಂಕಿನಲ್ಲಿ ಕೆಲಸ. ಹೆಂಡತಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಕಂಡಿದೆ. ಆ ಹುಡುಗಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತ ಕೂತಿದ್ದಳು.

"ಸರ, ನೀವು ಇಲ್ಲೆ ಭಾಳ ವರ್ಷದಿಂದ ಇದ್ದೀರಂತ ಕಾಣಸ್ತದ. ಇನ್ಸುಲಿನ್ ಯಾವ ಅಂಗಡಿಯೊಳಗ ಸೋವಿ ಸಿಗ್ತದರಿ?" ಎಂದು ಕೇಳಿದ.

ಇವರು ಇಡೀ ಹಜಾರಕ್ಕೆ ಕೇಳುವಂತೆ, "ಸೋವಿ ಹುಡುಕ್ಬೇಡಪ್ಪ. ನಾನು ಹುಡುಕ್ದೆ. ಎರಡು ರೂಪಾಯಿಗೆ ನನ್ನ ಮಗೂನ ಕೊಂದೆ" ಎಂದುಬಿಟ್ಟರು.

ತರುಣ ಹೆದರಿ ಹಿಂದಕ್ಕೆ ಸರಿದ. ಆ ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಕೊಂದೆ ಎನ್ನುವ ಮಾತನ್ನು ಇವರು ಹತ್ತು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಆಡಿರಲಿಲ್ಲ. ಮನಸ್ಸಿನಲ್ಲಿ ಎಷ್ಟು ಸಲ ಆಡಿಕೊಂಡಿದ್ದರೆ ಅದು ಹೀಗೆ ಅಪರಿಚಿತನ ಮುಂದೆ ತಾನಾಗಿ ಹೊರಗೆ ಬಂದೀತು? ನಾನು ಎದ್ದು ಹೋಗಿ ಆ ಹುಡುಗಿಯ ಪಕ್ಕ ಕೂತೆ. ಬೆಲೆ ಧಾರಾಳವಾಗಿ ಕೇಳು, ನಾಚಿಕೊಳ್ಳಬೇಡ, ಆದರೆ ಅದಕ್ಕೆ ಮುಂಚೆ ಔಷಧ ಎಲ್ಲಿಟ್ಟಿದ್ದೀರಿ ತೋರಿಸಿ ಎಂದು ಕೇಳು ಎಂದೆ. ನಾಲ್ಕು ಅಂಗಡಿಯಾಚೆಯ ಆ ಅಂಗಡಿಯ ಗುರುತು ಹೇಳಿದೆ. ಕೊನೆಗೆ, "ಬಣ್ಣ ಏನು ಬಂದರೂ ಬಂದದ್ದನ್ನೇ ಬರಿ. ತಿಂದಿದ್ದರೂ ಸರಿ, ಬಂದದ್ದನ್ನೇ ಬರಿ" ಎಂದೆ. ಇದನ್ನು ಅವಳಿಗೆ ಹೇಳಬಲ್ಲವಳು ಇವರಿಗೆ ಹೇಳದೆ ಇನ್ನೆಷ್ಟು ದಿನ ಇರಲಿ?

ತಂಪಾನೂರಿನ ಬಸ್ ಸ್ಟ್ಯಾಂಡಿನಲ್ಲಿ ಮನೆಯ ಕಡೆಯ ಬಸ್ಸಿಗೆ ಕಾಯುತ್ತಿದ್ದಾಗ ಹೇಳಿದೆ. ಚಕ್ಕ ವರಟ್ಟಿ, ಚಮಚ, ಇಟ್ಟಿಗೆ ಬಣ್ಣ, ಹದಿನೆಂಟು ಹಸಿರು, ಎಲ್ಲ. ಒಂದು ದಿನ ನಿಜ ಬರೆದಿದ್ದರೂ ಔಷಧದಲ್ಲಿ ಸತ್ವ ಇಲ್ಲವೆಂದು ನಿಮಗೋ ಡಾಕ್ಟರಿಗೋ ಅಂದೇ ಗೊತ್ತಾಗುತ್ತಿತ್ತು ಎಂದೆ. ಅಳಬಾರದೆಂದುಕೊಂಡಿದ್ದೆ, ಅತ್ತೆ.

ನಮ್ಮ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದಕ್ಕೂ ಇವರು ಏಳಲಿಲ್ಲ.

"ಹತ್ತು ವರ್ಷ ನಾನೊಬ್ನೇ ಅಂದ್ಕೊಂಡಿದ್ದೆ," ಎಂದರು ಕೊನೆಗೆ. ಸಿಟ್ಟಿತ್ತು ಆ ಮಾತಿನಲ್ಲಿ. ಇರಬೇಕಾದದ್ದೇ.

"ಹೌದು," ಎಂದೆ. "ನಾನು ಬಿಟ್ಟುಬಿಟ್ಟೆ ನಿಮ್ಮನ್ನ, ಒಬ್ಬರನ್ನೇ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ಕಡೆ ನೋಡದೆ, "ಹೆಣ್ಣು" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ.

"ಹೆಣ್ಮಗು ವಿಮಲಾ. ತಲೆ ತುಂಬ ಕೂದ್ಲು. ಭಾರ ಇದ್ಲು, ಎಂಟು ತಿಂಗಳ ಕೂಸು ಅಂತ ಅನ್ನೋ ಹಾಗೇ ಇರಲಿಲ್ಲ. ಚೇಚ್ಚಿ ಯಜಮಾನ್ರು ನಾನು ಹಿಡ್ಕೋತೀನಿ ಕೊಡಿ ಅಂದ್ರು. ನಾನು ಕೊಡಲಿಲ್ಲ. ಅಷ್ಟು ದೂರಾನೂ ನಾನೇ ಎತ್ಕೊಂಡು ಹೋದೆ. ಬಲಗೈ ಮುಷ್ಟಿ ಕಟ್ಕೊಂಡಿದ್ಲು. ಬಿಡಿಸಿ ಬೆರಳು ನೋಡೋಣ ಅನ್ನಿಸ್ತು. ಆಮೇಲೆ ಬೇಡ, ಹಾಗೇ ಇರಲಿ ಅಂತ ಬಿಟ್ಟೆ. ಮೂಗು ನಿನ್ನದೇ."

ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು. ನಾನು ಅವರ ತೋಳು ಹಿಡಿದುಕೊಂಡೆ.

"ಇನ್ನೊಂದ್ಸಲ ಹೇಳಿ," ಎಂದೆ.

ಅವರು ಮೊದಲಿನಿಂದ ಹೇಳಿದರು.